ಹಳೇ ಪೇಂಟಿಂಗ್‌ನಿಂದ ನಿಮ್ಮ ಬ್ಯಾಂಡ್‌ಗೆ ಆಲ್ಬಮ್ ಕವರ್ ಮಾಡೋದು ಹೇಗೆ

ಬಳ್ಳಾರಿಯಲ್ಲಿ ಕಾಲೇಜು ಹುಡುಗರು ಬ್ಯಾಂಡ್ ಕಟ್ಟಿ ನಾಲ್ಕೈದು ಹಾಡು ರೆಕಾರ್ಡ್ ಮಾಡಿದ ಮೇಲೆ ಕವರ್ ಅಂತ ಬಂದಾಗ ಮಾಡೋದು ಹೆಚ್ಚಾಗಿ ಒಂದೇ. ಕೋಟೆ ಗುಡ್ಡದ ಮೇಲೆ ಎಲ್ಲರೂ ಕೈಕಟ್ಟಿ ನಿಂತ ಫೋಟೋ, ಮೇಲೆ ಬೆಂಕಿ ಹತ್ತಿದಂಥ ಅಕ್ಷರ. ಒಳಗಿನ ಹಾಡು ಹೇಗಿದೆ ಅಂತ ಆ ಫೋಟೋ ಏನೂ ಹೇಳಲ್ಲ. ಕೈಯಲ್ಲಿ ದುಡ್ಡಿಲ್ಲ, ಚಿತ್ರ ಬರೆಯೋ ಗೆಳೆಯರೂ ಇಲ್ಲ ಅಂದ್ರೆ ಒಂದು ಒಳ್ಳೆ ದಾರಿ ಇದೆ. ನೂರಾರು ವರ್ಷ ಹಳೆಯ ಪೇಂಟಿಂಗ್ ತಗೊಳ್ಳಿ. ದೊಡ್ಡ ರಾಕ್ ಬ್ಯಾಂಡ್‌ಗಳೇ ಇದನ್ನು ಮಾಡಿವೆ, ಅವರ ಕವರ್‌ಗಳನ್ನು ಹತ್ತಿರದಿಂದ ನೋಡಿದರೆ ಅರ್ಧ ಪಾಠ ಅಲ್ಲೇ ಸಿಗುತ್ತದೆ.

ಮೊದಲ ಮಾತು: ಇಡೀ ಚಿತ್ರ ಬೇಡ, ಒಂದು ಮೂಲೆ ಸಾಕು.

ಗನ್ಸ್ ಎನ್ ರೋಸಸ್ 1991ರಲ್ಲಿ ‘ಯೂಸ್ ಯುವರ್ ಇಲ್ಯೂಶನ್’ ಅಂತ ಎರಡು ಆಲ್ಬಮ್ ಒಂದೇ ದಿನ ತಂದರು. ಎರಡಕ್ಕೂ ಒಂದೇ ಚಿತ್ರ. ರಾಫೆಲ್ ವ್ಯಾಟಿಕನ್‌ನ ಗೋಡೆ ಮೇಲೆ ಬರೆದ ‘ಸ್ಕೂಲ್ ಆಫ್ ಅಥೆನ್ಸ್’ನಲ್ಲಿ ಪ್ಲೇಟೋ, ಅರಿಸ್ಟಾಟಲ್ ಸೇರಿ ದೊಡ್ಡ ಗುಂಪೇ ಇದೆ. ಕಲಾವಿದ ಮಾರ್ಕ್ ಕೊಸ್ತಾಬಿ ಆ ದೊಡ್ಡವರನ್ನೆಲ್ಲ ಬಿಟ್ಟು ಬದಿಯಲ್ಲಿ ಗೋಡೆಗೆ ಒರಗಿ, ಕಾಲು ಮಡಚಿ, ತೊಡೆ ಮೇಲೆ ಪುಸ್ತಕ ಇಟ್ಟುಕೊಂಡು ಬರೀತಾ ಇರೋ ಹುಡುಗನನ್ನು ಹಿಡಿದ. ಒಂದರಲ್ಲಿ ಹಳದಿ-ಕೆಂಪು, ಇನ್ನೊಂದರಲ್ಲಿ ನೀಲಿ-ನೇರಳೆ. ಅಷ್ಟೇ. ಅಷ್ಟು ಜನರ ನಡುವೆ ಯಾರ ಕಣ್ಣಿಗೂ ಬೀಳದ ಹುಡುಗ ಅಂಗಡಿ ಕಪಾಟಿನಲ್ಲಿ ದೂರದಿಂದಲೇ ಗುರುತು ಸಿಗೋ ಹಾಗಾದ.

ಇದು ನಿಮಗೆ ಇನ್ನೂ ಜಾಸ್ತಿ ಬೇಕು, ಯಾಕೆಂದರೆ ನಿಮ್ಮ ಕವರ್ ನೋಡೋರು ಮೊಬೈಲ್‌ನಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ನೋಡ್ತಾರೆ. ಅದರಲ್ಲಿ ನೂರು ಜನರ ಚಿತ್ರ ಹಾಕಿದರೆ ಬರೀ ಕಂದು ಬಣ್ಣದ ಮಸಿ ಕಾಣುತ್ತದೆ.

ಚಿತ್ರ ಹುಡುಕೋ ಮುಂಚೆ ಹಾಡು ಕೇಳಿ. ಕಣ್ಣು ಮುಚ್ಚಿ ಪೂರ್ತಿ ಕೇಳಿ, ಮನಸ್ಸಿಗೆ ಬಂದ ವಸ್ತುಗಳನ್ನು ಬರೆದುಕೊಳ್ಳಿ: ಒಡೆದ ದೋಣಿ, ಒಣಗಿದ ಗಿಡ, ಧೂಳು, ರೆಕ್ಕೆ. ‘ನೋವು’, ‘ಸ್ವಾತಂತ್ರ್ಯ’ ಅಂತೆಲ್ಲ ಬರೆದರೆ ಮ್ಯೂಸಿಯಂ ವೆಬ್‌ಸೈಟಿನಲ್ಲಿ ಸಿಗೋದು ಕಷ್ಟ. ವಸ್ತುವಿನ ಹೆಸರು ಹಾಕಿದರೆ ಸಿಗುತ್ತದೆ. ಭಾರವಾದ, ನಿಧಾನ ಸಂಗೀತದ ಕ್ಯಾಂಡಲ್‌ಮಾಸ್ ಬ್ಯಾಂಡ್‌ನವರು ‘ನೈಟ್‌ಫಾಲ್’ ಆಲ್ಬಮ್‌ಗೆ ಥಾಮಸ್ ಕೋಲ್ 1842ರಲ್ಲಿ ಬರೆದ ಚಿತ್ರ ಹಾಕಿದರು. ಕತ್ತಲ ನೀರು, ಒಂದು ದೋಣಿ, ಅದರಲ್ಲಿ ಮುದುಕ, ಮೇಲೆ ಮೋಡ ಸೀಳಿ ಬರೋ ಬೆಳಕು. ಹಾಡಿನ ನಡಿಗೆಯೇ ಆ ನೀರಲ್ಲಿದೆ.

ಈಗ ಹಕ್ಕಿನ ವಿಷಯ. ಇದನ್ನು ಹಾರಿಸಬೇಡಿ. ನಮ್ಮ ದೇಶದ ಕಾನೂನಿನಲ್ಲಿ ಕಲಾವಿದರು ತೀರಿಕೊಂಡ ಮೇಲೆ 60 ವರ್ಷ ಕಾಪಿರೈಟ್ ಇರುತ್ತದೆ, ಯುರೋಪಿನಲ್ಲಿ 70. ಹಾಡು ಆನ್‌ಲೈನ್‌ಗೆ ಹೋದರೆ ಎಲ್ಲಾ ದೇಶಕ್ಕೂ ಹೋಗುತ್ತದೆ, ಹಾಗಾಗಿ 1900ಕ್ಕಿಂತ ಮುಂಚೆ ತೀರಿಕೊಂಡವರನ್ನೇ ಹಿಡಿದರೆ ತಲೆನೋವಿಲ್ಲ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಅವರದ್ದೂ ಆಗುತ್ತದೆ. ಆದರೆ ಮನೆ ಗೋಡೆಯ ಹಳೇ ಕ್ಯಾಲೆಂಡರ್ ಚಿತ್ರ ‘ಹಳೇದು ತಾನೇ’ ಅಂತ ತಗೋಬೇಡಿ. ಅಂಥ ಕ್ಯಾಲೆಂಡರ್ ಚಿತ್ರ ಬರೆದ, ನಮ್ಮ ಕಡೆಯವರೇ ಆದ ಕಲಬುರಗಿಯ ಎಸ್. ಎಂ. ಪಂಡಿತರು ತೀರಿಕೊಂಡದ್ದು 1993ರಲ್ಲಿ. ಅವರ ಚಿತ್ರಗಳ ಹಕ್ಕು 2053ರ ಕೊನೆಯವರೆಗೂ ಇದೆ.

ದೇವರ ಚಿತ್ರ ಮುಟ್ಟೋದಾದರೆ ಕಾನೂನು ಒಂದೇ ಸಾಲದು. ಏರೋಸ್ಮಿತ್ 1997ರ ‘ನೈನ್ ಲೈವ್ಸ್’ ಆಲ್ಬಮ್‌ಗೆ ಕಾಳಿಂಗನ ಮೇಲೆ ಕುಣಿಯೋ ಕೃಷ್ಣನ ಚಿತ್ರ ತಗೊಂಡು ತಲೆಯ ಜಾಗದಲ್ಲಿ ಬೆಕ್ಕಿನ ತಲೆ ಇಟ್ಟರು. ಹಿಂದೂಗಳು ವಿರೋಧಿಸಿದರು, ಕವರ್ ಬದಲಾಯಿತು. ಯಾರೋ ದಿನಾ ಕೈ ಮುಗಿಯೋ ಚಿತ್ರದ ತಲೆ ಕತ್ತರಿಸಿ ಬೇರೇದು ಅಂಟಿಸೋದು ನನಗಂತೂ ಸರಿ ಕಾಣಲ್ಲ.

ಚಿತ್ರ ಎಲ್ಲಿಂದ ಇಳಿಸೋದು? ಗೂಗಲ್ ಇಮೇಜಸ್‌ನಿಂದ ಬೇಡ. ಅಲ್ಲಿ ಒಂದೇ ಚಿತ್ರ ಹತ್ತು ಬಣ್ಣದಲ್ಲಿ ಸಿಗುತ್ತದೆ, ಸೈಜೂ ಚಿಕ್ಕದು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್, ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್, ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್, ಇವು ಹಕ್ಕು ಮುಗಿದ ಚಿತ್ರಗಳ ದೊಡ್ಡ ಫೈಲನ್ನು ಪುಕ್ಕಟೆ ಕೊಡುತ್ತವೆ, ವ್ಯಾಪಾರಕ್ಕೂ ಬಳಸಬಹುದು. ಪ್ರತಿ ಚಿತ್ರದ ಕೆಳಗೆ ‘ಪಬ್ಲಿಕ್ ಡೊಮೇನ್’ ಅಥವಾ ‘ಸಿಸಿ ಝೀರೋ’ (CC0) ಅಂತ ಇದೆಯಾ ನೋಡಿಕೊಳ್ಳಿ, ಅಂದ್ರೆ ಯಾರು ಬೇಕಾದರೂ ಬಳಸಬಹುದು ಅಂತ. ಎಲ್ಲಾ ಮ್ಯೂಸಿಯಂಗಳೂ ಹೀಗೆ ಕೊಡಲ್ಲ.

ಸೈಜಿನ ಲೆಕ್ಕ ಸುಲಭ. ಹಾಡು ಏರಿಸೋ ಕಂಪನಿಗಳು ಸಾಮಾನ್ಯವಾಗಿ ಉದ್ದ ಅಗಲ ಎರಡೂ 3000 ಪಿಕ್ಸೆಲ್ ಇರೋ ಚೌಕ ಚಿತ್ರ ಕೇಳುತ್ತವೆ. ಚಿತ್ರದ ಅಗಲದಲ್ಲಿ ಮೂರನೇ ಒಂದು ಭಾಗ ಮಾತ್ರ ಬೇಕು ಅಂದ್ರೆ ಮೂಲ ಫೈಲ್ 9000 ಪಿಕ್ಸೆಲ್ ಅಗಲ ಇರಬೇಕು. ಚಿಕ್ಕದನ್ನು ಎಳೆದು ದೊಡ್ಡದು ಮಾಡಬೇಡಿ, ಕುಂಚದ ಗೆರೆಯೆಲ್ಲ ಮೇಣದ ಹಾಗೆ ಕರಗಿ ಕಾಣುತ್ತದೆ.

ಇನ್ನು ಮೂಲೆ ಹುಡುಕೋ ಕೆಲಸ, ನಿಧಾನವಾಗಿ ಮಾಡಿ. ಚಿತ್ರವನ್ನು ಎ3 ಹಾಳೆಯಲ್ಲಿ ಪ್ರಿಂಟ್ ತಗೊಳ್ಳಿ, ಒಂದು ರಟ್ಟಿನಲ್ಲಿ ಚೌಕ ಕಿಂಡಿ ಕತ್ತರಿಸಿ ಅದರ ಮೇಲೆ ಸರಿಸುತ್ತಾ ಹೋಗಿ. ರೈಕ್ಸ್‌ಮ್ಯೂಸಿಯಂನಲ್ಲಿರೋ ಯಾನ್ ಅಸ್ಸೆಲೈನ್ ಅವರ ಹಂಸದ ಚಿತ್ರ ತಗೊಂಡು ನೋಡಿ, ಸುಮಾರು 1650ರದ್ದು. ಬಿಳಿ ಹಂಸ ರೆಕ್ಕೆ ಬಿಚ್ಚಿ, ಕತ್ತು ಬಾಗಿಸಿ, ಗೂಡಿನ ಮುಂದೆ ನಿಂತು ಬುಸುಗುಟ್ಟುತ್ತಿದೆ. ಪೂರ್ತಿ ಇಟ್ಟರೆ ಕಾಣೋದು ಸಿಟ್ಟು. ಕಿಂಡಿಯನ್ನು ರೆಕ್ಕೆ ಮೇಲೆ ಇಡಿ, ಬರೀ ಗರಿಗಳ ಬಿಳುಪು, ಶಾಂತ ಹಾಡಿಗೂ ಹೊಂದುತ್ತದೆ. ಕೆಳಗೆ ಎಡಕ್ಕೆ ಸರಿಸಿ, ನೀರಲ್ಲಿ ಈಜಿಕೊಂಡು ಬರೋ ನಾಯಿಯ ತಲೆ ಸಿಗುತ್ತದೆ. ಹಂಸ ಹೆದರಿದ್ದು ಯಾಕೆ ಅಂತ ಆಗ ಗೊತ್ತಾಗುತ್ತದೆ. ಒಂದೇ ಚಿತ್ರದಲ್ಲಿ ಮೂರು ಕವರ್. ಚಿತ್ರದ ಕಥೆಯನ್ನೂ ಓದಿಕೊಳ್ಳಿ. ಈ ಹಂಸ ದೇಶ ಕಾಯೋ ನಾಯಕ, ನಾಯಿ ದೇಶದ ಶತ್ರು ಅಂತ ಆಮೇಲೆ ಯಾರೋ ಚಿತ್ರದ ಮೇಲೆಯೇ ಬರೆದಿದ್ದಾರೆ. ಆ ಅರ್ಥ ನಿಮಗೆ ಬೇಡವಾದರೆ ಅಕ್ಷರ ಇರೋ ಜಾಗ ಬಿಟ್ಟು ಕತ್ತರಿಸಿ.

ಸಿಕ್ಕ ಮೂಲೆಯನ್ನು ವಾಟ್ಸಾಪ್ ಡಿಪಿ ಮಾಡಿ ಒಂದು ವಾರ ಬಿಡಿ. ಚಿಕ್ಕದಾಗಿ ನೋಡಿದಾಗ ಏನು ಅಂತ ಗೊತ್ತಾಗ್ತದೆ ಅಂದ್ರೆ ಪಾಸ್.

ಚಿತ್ರವನ್ನು ತಿದ್ದಬಹುದಾ? ಪೋಗ್ಸ್ ಬ್ಯಾಂಡ್‌ನವರು 1985ರಲ್ಲಿ ಜೆರಿಕೋ ಬರೆದ, ಮರಳದಿಬ್ಬಕ್ಕೆ ಸಿಕ್ಕ ಹಡಗಿನವರ ತೆಪ್ಪದ ಮೇಲೆ ತಮ್ಮ ಮುಖಗಳನ್ನೇ ಕೂರಿಸಿದರು. ಸ್ಮ್ಯಾಶಿಂಗ್ ಪಂಪ್ಕಿನ್ಸ್ 1995ರ ಕವರ್‌ನಲ್ಲಿ ನಕ್ಷತ್ರದಿಂದ ಎದ್ದು ಬರೋ ಹುಡುಗಿಯ ಮೈ ರಾಫೆಲ್ ಚಿತ್ರದ್ದು, ಮುಖ ಗ್ರೂಜ್ ಅನ್ನೋ ಇನ್ನೊಬ್ಬ ಹಳೇ ಚಿತ್ರಕಾರರ ಚಿತ್ರದ್ದು. ಅದನ್ನು ಜೋಡಿಸಿದವರು ನುರಿತ ಕೈಯವರು. ಮೊದಲ ಆಲ್ಬಮ್ ಆದರೆ ಬಣ್ಣ ಬದಲಾಯಿಸೋದಕ್ಕೆ ನಿಲ್ಲಿಸಿ ಅನ್ನೋದು ನನ್ನ ಸಲಹೆ.

ಅಕ್ಷರದ ವಿಷಯದಲ್ಲಿ ಎರಡು ದಾರಿ ಇವೆ. ಕೋಲ್ಡ್‌ಪ್ಲೇ 2008ರಲ್ಲಿ ಡೆಲಕ್ರ್ವಾ ಬರೆದ ಬಾವುಟ ಹಿಡಿದ ಹೆಂಗಸಿನ ಚಿತ್ರದ ಮೇಲೆ ಆಲ್ಬಮ್ ಹೆಸರನ್ನು ಬಿಳಿ ಬಣ್ಣದಲ್ಲಿ ಒರಟಾಗಿ ಬಳಿದರು. ನ್ಯೂ ಆರ್ಡರ್ 1983ರಲ್ಲಿ ಫಾಂತಾ-ಲಾತೂರ್ ಅವರ ಗುಲಾಬಿ ಬುಟ್ಟಿಯ ಚಿತ್ರ ಹಾಕಿ ಮುಂದೆ ಹೆಸರೇ ಬರೆಯಲಿಲ್ಲ, ಮೂಲೆಯಲ್ಲಿ ಬಣ್ಣದ ಚೌಕಗಳು ಮಾತ್ರ. ನೀವು ಕನ್ನಡದಲ್ಲಿ ಬರೆಯಿರಿ. ಒತ್ತಕ್ಷರ, ದೀರ್ಘಕ್ಕೆ ಕೆಳಗೂ ಪಕ್ಕಕ್ಕೂ ಜಾಗ ಬೇಕು ಅನ್ನೋದು ನೆನಪಿರಲಿ. ಕಂಪ್ಯೂಟರ್ ಫಾಂಟ್ ಎಣ್ಣೆ ಬಣ್ಣದ ಮೇಲೆ ಸ್ಟಿಕ್ಕರ್ ಅಂಟಿಸಿದಂಗೆ ಕಾಣುತ್ತದೆ. ನಮ್ಮ ಊರಲ್ಲಿ ಕುಂಚದಲ್ಲಿ ಬೋರ್ಡ್ ಬರೆಯೋರು ಇನ್ನೂ ಇದ್ದಾರೆ, ಬಿಳಿ ಹಾಳೆ ಮೇಲೆ ಕಪ್ಪಿನಲ್ಲಿ ಬರೆಸಿ, ಸರಿಯಾದ ದುಡ್ಡು ಕೊಟ್ಟು, ಸ್ಕ್ಯಾನ್ ಮಾಡಿ ಕೂರಿಸಿ.

ನಮ್ಮ ಕಡೆಯದೇ ಚಿತ್ರ ಬೇಕು ಅಂದ್ರೆ ಹಂಪಿ ವಿರೂಪಾಕ್ಷ ಗುಡಿಯ ರಂಗಮಂಟಪದ ಚಾವಣಿ ನೋಡಿ ಬನ್ನಿ. ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆಯ ಸಾಲು ಉದ್ದಕ್ಕಿದೆ, ಪಲ್ಲಕ್ಕಿ ಹೊತ್ತ ಇಬ್ಬರು ಮೂವರನ್ನು ಹಿಡಿದರೂ ಚೌಕ ತುಂಬುತ್ತದೆ. ಆದರೆ ಅದು ಪುರಾತತ್ವ ಇಲಾಖೆಯ ಕೈಯಲ್ಲಿರೋ ಜಾಗ. ವ್ಯಾಪಾರಕ್ಕೆ ಬಳಸೋ ಫೋಟೋ, ಟ್ರೈಪಾಡ್ ಅಂದ್ರೆ ಮೊದಲು ಅನುಮತಿ ಕೇಳಿ. ಇಲ್ಲವೇ ಕೊಪ್ಪಳಕ್ಕೆ ರೈಲು ಹತ್ತಿ, ಅಲ್ಲಿಂದ ಕಿನ್ನಾಳಕ್ಕೆ ಹೋಗಿ ಚಿತ್ರಗಾರರ ಹತ್ತಿರ ಹೊಸದಾಗಿ ಬರೆಸಿ. ಹಾಗೆ ಬರೆಸಿದರೆ ಕವರ್‌ಗೂ ಟೀ ಶರ್ಟಿಗೂ ಬಳಸುತ್ತೇವೆ ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ.

ಪ್ರಿಂಟ್ ಮಾಡಿಸೋರು ಫ್ಲೆಕ್ಸ್ ಅಂಗಡಿ ಬಿಟ್ಟು ಡಿಜಿಟಲ್ ಪ್ರೆಸ್‌ಗೆ ಹೋಗಿ. ಸಿಡಿ ಹಾಳೆ 12 ಸೆಂಟಿಮೀಟರ್ ಚೌಕ, 300 ಡಿಪಿಐ, ಅಂದ್ರೆ ಇಂಚಿಗೆ 300 ಚುಕ್ಕಿ. ಹಳೇ ಎಣ್ಣೆ ಚಿತ್ರಗಳ ಕಪ್ಪು ಭಾಗ ಕಾಗದದ ಮೇಲೆ ಇನ್ನೂ ಕಪ್ಪಾಗುತ್ತದೆ, ನೆರಳನ್ನು ಸ್ವಲ್ಪ ತಿಳಿ ಮಾಡಿ ಒಂದೇ ಒಂದು ಪ್ರತಿ ತೆಗೆಸಿ ಬಿಸಿಲಲ್ಲಿ ನೋಡಿ, ಆಮೇಲೆ ಉಳಿದದ್ದು. ಹಿಂಬದಿಯಲ್ಲಿ ಚಿತ್ರಕಾರರ ಹೆಸರು, ಚಿತ್ರದ ಹೆಸರು, ವರ್ಷ, ಮ್ಯೂಸಿಯಂ, ಅಕ್ಷರ ಬರೆದವರ ಹೆಸರು ಹಾಕಿ. ಹಕ್ಕು ಮುಗಿದ ಚಿತ್ರಕ್ಕೆ ಇದನ್ನೆಲ್ಲ ಹಾಕಲೇಬೇಕು ಅಂತ ಮ್ಯೂಸಿಯಂ ಕೇಳದಿದ್ದರೂ ಹಾಕಿ, ಡ್ರಮ್ಸ್ ನುಡಿಸಿದವರ ಹೆಸರು ಎಷ್ಟು ದೊಡ್ಡದಿದೆಯೋ ಅಷ್ಟೇ ದೊಡ್ಡದಾಗಿ.