ಅಡಿಕೆ ಕೊಯ್ಲಿನಲ್ಲಿ ನನ್ನ ವಾಂತಿಯ ದಿನಗಳು

ಬಸುರಿಯಾಗಿ ನನಗೆ ಆರನೇ ವಾರ ಹಿಡಿದಾಗ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಡಿಕೆ ಕೊಯ್ಲು ಜೋರಾಗಿತ್ತು. ಅಂಗಳದ ಮೂಲೆಯಲ್ಲಿ ದೊಡ್ಡ ಹಂಡೆ, ಅದರಲ್ಲಿ ಸುಲಿದ ಅಡಿಕೆ ಚೊಗರಿನ (ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಜೊತೆ ಕುದಿಯುತ್ತಿತ್ತು. ಮದುವೆಯಾಗಿ ಬಂದ ವರ್ಷ ಆ ಒಗರು ವಾಸನೆ ನನಗೆ ಇಷ್ಟವೇ ಆಗಿತ್ತು. ಈಗ ಹಬೆ ಜಗಲಿವರೆಗೆ ಬಂದರೆ ಸಾಕು, ಬಚ್ಚಲಿಗೆ ಓಡುತ್ತಿದ್ದೆ. ಬಸುರಿಯರಿಗೆ ಬೆಳಿಗ್ಗೆ ಎದ್ದಾಗ ವಾಂತಿ ಅಂತ ಕೇಳಿದ್ದೆ. ನನಗೆ ಸಂಜೆಯೇ ಜಾಸ್ತಿ. ಕಾಫಿ ಪುಡಿ ವಾಸನೆಯಂತೂ ಯಾವ ಹೊತ್ತಿಗೂ ಆಗುತ್ತಿರಲಿಲ್ಲ.

ಮೊದಲ ಹತ್ತು ದಿನ ದೊಡ್ಡ ತಪ್ಪು ಮಾಡಿದೆ. ಹೇಗೂ ವಾಂತಿಯಾಗುತ್ತದೆ, ತಿನ್ನುವುದೇಕೆ ಅಂತ ಊಟ ಬಿಟ್ಟೆ. ಹೊಟ್ಟೆ ಖಾಲಿಯಾದಷ್ಟೂ ತೊಳಸುವುದು ಹೆಚ್ಚಾಯಿತು. ಕೊನೆಗೆ ಬರೀ ಹಳದಿ ಪಿತ್ತ. ಅತ್ತೆ ಎರಡು ದಿನ ಸುಮ್ನೆ ನೋಡಿದರು. ಮೂರನೇ ದಿನ, "ಮಾರಾಯ್ತಿ, ನಾಲ್ಕು ತುತ್ತು ತಿಂದು ವಾಂತಿ ಮಾಡು, ಗಂಟಲಾದರೂ ಉಳೀತದೆ" ಅಂದರು.

ಅವತ್ತಿನಿಂದ ತಲೆದೆಸೆಯಲ್ಲಿ ಒಂದು ಡಬ್ಬಿ ಮಂಡಕ್ಕಿ ಇಟ್ಟುಕೊಂಡೆ. ಎಚ್ಚರವಾದ ಕೂಡಲೇ ದಿಂಬಿಗೆ ಒರಗಿ ಒಂದು ಹಿಡಿ ಅಗಿಯುವುದು, ಕಾಲು ಗಂಟೆ ಹಾಗೇ ಕೂತು ಆಮೇಲೆ ಏಳುವುದು. ಹೊತ್ತು ಹೊತ್ತಿನ ಊಟದ ಲೆಕ್ಕ ಬಿಟ್ಟೆ. ಎರಡು ಗಂಟೆಗೊಮ್ಮೆ ಏನಾದರೂ ಸ್ವಲ್ಪ. ಬಿಸಿ ಅನ್ನದ ಹಬೆ ಸೇರುತ್ತಿರಲಿಲ್ಲ, ಆರಿದ ಗಂಜಿಗೆ ಉಪ್ಪು ಹಾಕಿ ಮಿಡಿ ಉಪ್ಪಿನಕಾಯಿ ಒಂದು ಚೂರು ಕಚ್ಚಿಕೊಂಡರೆ ಇಳಿಯುತ್ತಿತ್ತು. ಊಟದ ಜೊತೆ ನೀರು ಕುಡಿದರೆ ಎರಡೂ ಹೊರಗೆ. ಅದಕ್ಕೇ ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿದೆ. ಶುಂಠಿ ಕಷಾಯ ಎಲ್ಲರೂ ಹೇಳಿದರು, ನನಗೆ ಎದೆ ಉರಿ ಬಂತು. ಅದೇ ಶುಂಠಿಯನ್ನು ಮಜ್ಜಿಗೆ ಹಾಕಿ ತಂಬುಳಿ ಮಾಡಿದಾಗ ಹೊಟ್ಟೆಯಲ್ಲಿ ನಿಂತಿತು.

ಕೊಯ್ಲಿನ ಹೊತ್ತಿನಲ್ಲಿ ಹಂಡೆ ಎತ್ತಿಡಿ ಅನ್ನಲು ಆಗುತ್ತದೆಯೇ? ನಾನೇ ತೋಟದ ಕಡೆ ಕಿಟಕಿ ಇರುವ ಕೋಣೆಗೆ ಹೋದೆ. ಕೈಯಲ್ಲಿ ಯಾವಾಗಲೂ ನಿಂಬೆ ಜಾತಿಯ ಹೇರಳೆ ಎಲೆ. ಕಿವುಚಿ ಮೂಸಿದರೆ ಒಂದೈದು ನಿಮಿಷ ಆರಾಮ.

ಒಂಬತ್ತನೇ ವಾರ ಇದ್ಯಾವುದೂ ಸಾಲಲಿಲ್ಲ. ಎರಡು ಕೆಜಿ ಇಳಿದಿದ್ದೆ. ಶಿವಮೊಗ್ಗಕ್ಕೆ ಹೊರಟೆವು. ಬಸ್ಸಿನಲ್ಲಿ ಮುಂದಿನ ಸೀಟು, ತೆರೆದ ಕಿಟಕಿ, ಕೈಯಲ್ಲಿ ಕವರ್. ಮಂಡಗದ್ದೆ ದಾಟುವಷ್ಟರಲ್ಲಿ ಕವರ್ ಬೇಕಾಯಿತು. ಡಾಕ್ಟರು ಡಾಕ್ಸಿಲಮೈನ್ ಮತ್ತು ವಿಟಮಿನ್ ಬಿ6 ಸೇರಿದ ಮಾತ್ರೆಯನ್ನು ರಾತ್ರಿ ಮಲಗುವಾಗ ತಗೊಳ್ಳಲು ಹೇಳಿದರು. ಮಾತ್ರೆ ಅಂದರೆ ಹೆದರಿಕೆ ನನಗೆ. ಇದು ಬಸುರಿಯರಿಗೆ ವರ್ಷಗಳಿಂದ ಕೊಡುತ್ತಿರುವ ಮಾತ್ರೆ, ಮೈಯಲ್ಲಿ ನೀರು ಕಡಿಮೆಯಾದರೇ ತೊಂದರೆ ಅಂದರು. ನಿದ್ದೆ ಜೋರಾಗಿ ಬರುತ್ತದೆ, ಅದು ನಿಜ. ಯಾರದೋ ಮಾತು ಕೇಳಿ ಆಗಲೇ ಶುರು ಮಾಡಿದ್ದ ಕಬ್ಬಿಣದ ಮಾತ್ರೆಯನ್ನು ಸದ್ಯಕ್ಕೆ ನಿಲ್ಲಿಸಿ, ಫೋಲಿಕ್ ಆಸಿಡ್ ಮಾತ್ರ ಬಿಡಬೇಡಿ ಅಂದರು. ಇಡೀ ದಿನ ನೀರೂ ನಿಲ್ಲದಿದ್ದರೆ, ಎಂಟು ಗಂಟೆ ಮೂತ್ರ ಬರದಿದ್ದರೆ, ಎದ್ದು ನಿಂತರೆ ಕಣ್ಣು ಕತ್ತಲೆ ಬಂದರೆ, ವಾಂತಿಯಲ್ಲಿ ರಕ್ತ ಕಂಡರೆ ಕಾಯದೆ ಬನ್ನಿ ಅಂತಲೂ ಹೇಳಿದರು. ನಮ್ಮಂತೆ ಆಸ್ಪತ್ರೆಯಿಂದ ದೂರ ಇರುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

"ಈಗಿನ ಹುಡುಗಿಯರದ್ದು ನಾಜೂಕು" ಅಂದವರೂ ಇದ್ದರು. ಭ್ರೂಣ ಮತ್ತು ಮಾಸಿನಿಂದ ಬರುವ ಜಿಡಿಎಫ್15 ಎಂಬ ಹಾರ್ಮೋನು ಮಿದುಳಿಗೆ ತಲುಪಿ ವಾಂತಿ ತರಿಸುತ್ತದೆ, ಮೊದಲಿಂದ ಅದು ಮೈಯಲ್ಲಿ ಕಡಿಮೆ ಇದ್ದವರಿಗೆ ಕಾಟ ಜಾಸ್ತಿ ಎಂದು 2023ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ. ನಾನು ಓದಿದ್ದು ಹೆರಿಗೆ ಆದ ಮೇಲೆ. ಆಗಲೇ ಗೊತ್ತಿದ್ದರೆ ಒಂದು ಉತ್ತರ ಕೊಡಬಹುದಿತ್ತು.

ಹದಿನಾಲ್ಕನೇ ವಾರಕ್ಕೆ ವಾಂತಿ ನಿಂತಿತು. ಅಷ್ಟರಲ್ಲಿ ಹಂಡೆಯನ್ನೂ ತೊಳೆದು ಕವುಚಿಟ್ಟಾಗಿತ್ತು. ಒಂದು ಬೆಳಿಗ್ಗೆ ಕಾಫಿ ಪುಡಿ ಡಬ್ಬಿಯ ಮುಚ್ಚಳ ತೆಗೆದು ಮೂಸಿದೆ. ಏನೂ ಆಗಲಿಲ್ಲ. ಅತ್ತೆ ಒಂದು ಮಾತೂ ಆಡದೆ ಅರ್ಧ ಲೋಟ ಬೆರೆಸಿ ಮುಂದಿಟ್ಟರು.