ಕಥೆ ಮುಗಿದ ಮೇಲೆ ತಟ್ಟೆ: ಸ್ವತಂತ್ರ ಧ್ವನಿಕಥಾ ಪಾಡ್‌ಕಾಸ್ಟ್‌ಗೆ ಕೇಳುಗರಿಂದ ಹಣ ಕೇಳುವ ಕ್ರಮ

ಸ್ವಂತ ಕಥೆಗಳನ್ನು ಪಾತ್ರ, ಸಂಭಾಷಣೆ, ಹಿನ್ನೆಲೆ ಶಬ್ದಗಳ ಸಮೇತ ಧ್ವನಿಗೆ ಇಳಿಸಿ ಪಾಡ್‌ಕಾಸ್ಟ್ ಆಗಿ ಬಿಡುಗಡೆ ಮಾಡುವ ಸಣ್ಣ ಕನ್ನಡ ತಂಡಗಳಿಗೆ ಜಾಹೀರಾತು ಸಿಗುವುದು ಅಪರೂಪ. ಹೀಗಾಗಿ ಒಂದಲ್ಲ ಒಂದು ದಿನ ಕೇಳುಗರ ಮುಂದೆಯೇ ಹಣದ ಮಾತೆತ್ತಬೇಕಾಗುತ್ತದೆ. ಎತ್ತುವ ಮೊದಲು ಒಂದು ಕಂತಿಗೆ ನಿಜವಾಗಿ ಎಷ್ಟು ಖರ್ಚಾಗುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಸಂಕೋಚ, ಮಾತಿನ ಧಾಟಿ, ಬಹುಮಾನ ಇವೆಲ್ಲ ಆಮೇಲಿನ ಸಂಗತಿಗಳು.

ನಮ್ಮ ತಂಡದ ಲೆಕ್ಕವನ್ನೇ ಮಾದರಿಯಾಗಿ ಇಡುತ್ತೇನೆ. ಸುಮಾರು ಇಪ್ಪತ್ತೈದು ನಿಮಿಷದ ಒಂದು ಕಂತಿಗೆ ನಾಲ್ವರು ಕಲಾವಿದರಿಗೆ ತಲಾ 1,500ರಂತೆ 6,000 ರೂಪಾಯಿ, ಬರಹಕ್ಕೆ 3,000, ಧ್ವನಿ ಸಂಕಲನಕ್ಕೆ 5,000, ಗಂಟೆಗೆ 700ರಂತೆ ಮೂರು ಗಂಟೆಯ ಸ್ಟುಡಿಯೋ ಬಾಡಿಗೆ 2,100, ಓಡಾಟ ಮತ್ತು ಊಟ-ಕಾಫಿಗೆ 900. ಒಟ್ಟು 17,000 ರೂಪಾಯಿ. ನಿಮ್ಮ ಊರಿನಲ್ಲಿ ಈ ಅಂಕಿಗಳು ಬೇರೆ ಇರಬಹುದು, ಆದರೆ ಯಾವ ಸಾಲನ್ನೂ ಬಿಡಬೇಡಿ. ಬರೆಯುವವರು ತಂಡದವರೇ ಆಗಿರುವುದರಿಂದ ಬರಹದ ಮುಂದೆ ಸೊನ್ನೆ ಹಾಕಿಬಿಡುವುದು ಸುಲಭ, ಮೊದಲ ವರ್ಷ ನಾವೂ ಹಾಗೆಯೇ ಮಾಡಿದ್ದೆವು. ಎರಡನೆಯ ವರ್ಷ ಬರೆಯುತ್ತಿದ್ದ ಗೆಳೆಯನಿಗೆ ಬಿಡುವು ಸಿಗದೆ ಹೊರಗಿನವರಿಂದ ಬರೆಸಬೇಕಾದಾಗ, ಕಂತಿನ ವೆಚ್ಚ ಏಕಾಏಕಿ ಏಕೆ ಏರಿತು ಎಂದು ಕೇಳುಗರಿಗೆ ವಿವರಿಸುವುದು ನಮಗೆ ಬಹಳ ಕಷ್ಟವಾಯಿತು.

ಖರ್ಚು ಗೊತ್ತಾದ ಮೇಲೆ ಎಷ್ಟು ಜನ ಕೊಡಬಹುದು ಎಂಬ ಅಂದಾಜು ಬೇಕು. ಒಟ್ಟು ಡೌನ್‌ಲೋಡ್ ಸಂಖ್ಯೆ ಮೋಸಗೊಳಿಸುತ್ತದೆ, ಏಕೆಂದರೆ ಮೊದಲ ಕಂತನ್ನು ಕುತೂಹಲಕ್ಕೆ ಒತ್ತಿ ಎರಡು ನಿಮಿಷಕ್ಕೇ ಬಿಟ್ಟುಹೋದವರೂ ಅದರಲ್ಲಿ ಸೇರಿರುತ್ತಾರೆ. ಕಡೆಯ ಮೂರು ಕಂತುಗಳನ್ನು ಪೂರ್ತಿ ಕೇಳಿದವರನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಅವರು 1,500 ಮಂದಿ ಇದ್ದು, ನೂರಕ್ಕೆ ಇಬ್ಬರು ತಿಂಗಳಿಗೆ ನೂರು ರೂಪಾಯಿ ಕೊಡುತ್ತಾರೆ ಎಂದಿಟ್ಟುಕೊಂಡರೆ ತಿಂಗಳಿಗೆ 3,000, ವರ್ಷಕ್ಕೆ 36,000 ರೂಪಾಯಿ ಆಗುತ್ತದೆ. ಎಂಟು ಕಂತಿನ ಸರಣಿಗೆ ಬೇಕಾದದ್ದು 1,36,000. ಉಳಿದ ಒಂದು ಲಕ್ಷವನ್ನು ಒಂದೇ ಬಾರಿಯ ಸಂಗ್ರಹದಿಂದ ತುಂಬಿಸಬಹುದು ಎಂದು ಹುಮ್ಮಸ್ಸಿನಲ್ಲಿ ಅನ್ನಿಸುತ್ತದೆ. ನನ್ನ ಸಲಹೆ ಬೇರೆ. ಐದೇ ಕಂತು ಮಾಡಿ. ಆಗ ವೆಚ್ಚ 85,000, ಚಂದಾ ಕಳೆದರೆ ಕೂಡಿಸಬೇಕಾದದ್ದು 49,000. ಎಂಟು ಕಂತಿನ ಭರವಸೆ ಕೊಟ್ಟು ಆರನೆಯದಕ್ಕೆ ನಿಂತುಹೋದ ಕಥೆಗೆ ಮತ್ತೊಮ್ಮೆ ಹಣ ಕೇಳುವುದು ಸಾಧ್ಯವಿಲ್ಲ.

ಹಣಕ್ಕೆ ಯಾವ ಹೆಸರು

ಹೆಸರು ತಪ್ಪಿದರೆ ಕೇಳಿಕೆಯೇ ದಾರಿ ತಪ್ಪುತ್ತದೆ. ‘ಸಹಾಯ’ ಎಂದರೆ ತಂಡ ಕಷ್ಟದಲ್ಲಿದೆ ಎಂಬ ಧ್ವನಿ ಬರುತ್ತದೆ, ಕಷ್ಟ ಒಮ್ಮೆ ತೀರಬೇಕಾದದ್ದು ಎಂಬ ನಿರೀಕ್ಷೆಯೂ ಅದರ ಜೊತೆಗೇ ಬರುತ್ತದೆ. ‘ದೇಣಿಗೆ’ ಎಂದ ಕೂಡಲೇ ಯಾರಾದರೊಬ್ಬರು ಆದಾಯ ತೆರಿಗೆ ರಿಯಾಯಿತಿಗೆ ಬೇಕಾದ 80ಜಿ ರಸೀದಿ ಕೇಳುತ್ತಾರೆ, ಆದರೆ ಆ ಅನುಮೋದನೆ ಪಡೆದ ಟ್ರಸ್ಟ್ ಅಥವಾ ಸಂಸ್ಥೆ ಮಾತ್ರ ಅದನ್ನು ಕೊಡಬಹುದೇ ಹೊರತು ನಾಲ್ಕು ಗೆಳೆಯರ ತಂಡ ಕೊಡುವಂತಿಲ್ಲ. ನಾನು ಒಪ್ಪುವ ಪದ ‘ಚಂದಾ’. ಗಣೇಶನ ಹಬ್ಬದ ರಸೀದಿ ಪುಸ್ತಕ ಹಿಡಿದು ಬಾಗಿಲಿಗೆ ಬರುವ ಹುಡುಗರ ನೆನಪು ಅದಕ್ಕೆ ಅಂಟಿಕೊಂಡಿದೆ, ನಿಜ. ಆದರೆ ಪತ್ರಿಕೆಗೆ ಚಂದಾದಾರರಾಗುವ ಗೌರವವೂ ಅದೇ ಪದದಲ್ಲಿದೆ. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಮಾಡಿಕೊಂಡೇ ಅವರಿಗೆ ಪುಸ್ತಕಗಳನ್ನು ತಲುಪಿಸಿತು. ಕಿವಿಗೆ ಬೀಳುವುದಕ್ಕೆ ಹಣ ಕೊಡುವುದೂ ಈ ನಾಡಿಗೆ ಹೊಸದಲ್ಲ; ರೇಡಿಯೋ ಇಟ್ಟುಕೊಂಡವರು ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಶುಲ್ಕ ಕಟ್ಟಿ ಬರುತ್ತಿದ್ದ ಕಾಲವನ್ನು ನೋಡಿದವರು ಇಂದಿಗೂ ನಮ್ಮ ಕೇಳುಗರಲ್ಲಿದ್ದಾರೆ.

ಹಣ ಬರುವ ದಾರಿ

ತಂಡದ ಒಬ್ಬರ ಹೆಸರಿನಲ್ಲಾದರೂ ಸರಿ, ಇದಕ್ಕೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ. ಮನೆ ಬಾಡಿಗೆ, ದಿನಸಿ, ಪಾಡ್‌ಕಾಸ್ಟ್ ಚಂದಾ ಮೂರೂ ಒಂದೇ ಪಾಸ್‌ಬುಕ್‌ನಲ್ಲಿ ಕಲೆತರೆ ವರ್ಷದ ಕೊನೆಗೆ ಬಿಡಿಸುವುದು ಯಾರಿಂದಲೂ ಆಗುವುದಿಲ್ಲ. ಯುಪಿಐ ಐಡಿ ಮಾಡುವಾಗ ಮೊಬೈಲ್ ಸಂಖ್ಯೆಯೇ ಐಡಿಯಾಗಿರುವುದನ್ನು ಎಂದಿಗೂ ಪ್ರಕಟಿಸಬೇಡಿ. ಕಥೆಯ ನಾಯಕಿಯ ದನಿ ಕೊಟ್ಟವರ ಸಂಖ್ಯೆ ಹೀಗೆ ಹೊರಬಿದ್ದರೆ ರಾತ್ರಿ ಹನ್ನೊಂದಕ್ಕೆ ಯಾರ್‍ಯಾರ ಕರೆಗಳೋ ಬರುತ್ತವೆ.

ಒಂದು ಸಂಗತಿಯನ್ನು ಇಲ್ಲಿ ವಿವರವಾಗಿ ಹೇಳಬೇಕಾಗಿದೆ. ಪಾಡ್‌ಕಾಸ್ಟ್‌ನಲ್ಲಿ ಕ್ಯೂಆರ್ ಕೋಡ್ ತೋರಿಸಲು ಬರುವುದಿಲ್ಲ. ಐಡಿಯನ್ನು ಬಾಯಲ್ಲೇ ಹೇಳಬೇಕು, ಕೇಳಿದವರು ಅದನ್ನು ನೆನಪಿಟ್ಟುಕೊಂಡು ಒತ್ತಬೇಕು. ನಮ್ಮ ಮೊದಲ ಐಡಿಯಲ್ಲಿ ‘ಕಥೆ’ ಎಂಬ ಪದವಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಕೆಲವರು ಟಿ ಪಕ್ಕದಲ್ಲಿ ಎಚ್ ಹಾಕಿದರು, ಕೆಲವರು ಹಾಕಲಿಲ್ಲ. ಕೊನೆಯ ಅಕ್ಷರ ಕೆಲವರಿಗೆ ಇ (e), ಕೆಲವರಿಗೆ ಎ (a). ಹಣ ಹೋಗಲಿಲ್ಲ ಎಂಬ ದೂರುಗಳು ಬಂದವು. ಆದ್ದರಿಂದ ಮಹಾಪ್ರಾಣ, ದೀರ್ಘಸ್ವರ, ಒತ್ತಕ್ಷರ ಇಲ್ಲದ, ಕಾಗುಣಿತದಲ್ಲಿ ಅನುಮಾನಕ್ಕೆ ಎಡೆಯಿಲ್ಲದ ಪದವನ್ನು ಆರಿಸಿಕೊಳ್ಳಿ. ‘ಕಡಲು’ ಸಾಕಷ್ಟು ಸುರಕ್ಷಿತ, ‘ಧ್ವನಿ’ ಖಂಡಿತ ಅಲ್ಲ. ಕೇಳುವವರು ಪಾತ್ರೆ ತೊಳೆಯುತ್ತಲೋ ಬಸ್ಸಿನಲ್ಲಿ ನಿಂತುಕೊಂಡೋ ಇರುತ್ತಾರೆಂಬುದನ್ನು ಮರೆಯದೆ, ಅದೇ ಐಡಿಯನ್ನೂ ಲಿಂಕನ್ನೂ ಕಂತಿನ ವಿವರಣೆಯ ಮೊದಲ ಸಾಲಿನಲ್ಲೇ ಹಾಕಿ. ಅನೇಕ ಆ್ಯಪ್‌ಗಳು ಮೊದಲೆರಡು ಸಾಲುಗಳನ್ನಷ್ಟೇ ತೋರಿಸಿ ಉಳಿದದ್ದನ್ನು ಮಡಚಿಡುತ್ತವೆ.

ತಿಂಗಳ ಚಂದಾಕ್ಕೆ, ಒಮ್ಮೆ ಒಪ್ಪಿಗೆ ಕೊಟ್ಟರೆ ಹಣ ತಾನಾಗಿ ಕಡಿತವಾಗುವ ಯುಪಿಐ ಆಟೋಪೇ ಅನುಕೂಲ. 2020ರಲ್ಲಿ ಬಂದ ಈ ವ್ಯವಸ್ಥೆಯನ್ನು ಬಳಸಲು, ಆನ್‌ಲೈನ್ ಪಾವತಿಗಳನ್ನು ಪಡೆದುಕೊಡುವ ಪೇಮೆಂಟ್ ಗೇಟ್‌ವೇಯಲ್ಲಿ ಖಾತೆ ಬೇಕು; ಅದಕ್ಕೆ ಪ್ಯಾನ್, ಬ್ಯಾಂಕ್ ವಿವರ, ಹಣ ಹಿಂದಿರುಗಿಸುವ ನಿಯಮ ಬರೆದಿರುವ ಒಂದು ಪುಟ್ಟ ವೆಬ್‌ಸೈಟ್ ಕೇಳುತ್ತಾರೆ. ಗೇಟ್‌ವೇಗೆ ಶುಲ್ಕವಿದೆ, ಅದನ್ನೂ ಖರ್ಚಿನ ಪಟ್ಟಿಗೆ ಸೇರಿಸಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ಚಂದಾದಾರರಿಗೆ ಸಂದೇಶ ಹೋಗುತ್ತದೆ. ಅಂದರೆ ತಿಂಗಳಿಗೊಮ್ಮೆ ಬ್ಯಾಂಕೇ ಅವರನ್ನು ‘ಇದು ಬೇಕೇ?’ ಎಂದು ಕೇಳಿದ ಹಾಗೆ. ಇದಕ್ಕೆ ನಾವು ಕಂಡುಕೊಂಡ ಉಪಾಯ ಸರಳವಾದದ್ದು: ಹೊಸ ಕಂತು ಐದನೇ ತಾರೀಕು ಬಂದರೆ ಕಡಿತ ಎಂಟನೇ ತಾರೀಕು. ಸಂದೇಶ ಬರುವ ಹೊತ್ತಿಗೆ ಕಥೆ ಇನ್ನೂ ಕಿವಿಯಲ್ಲಿರುತ್ತದೆ.

ಪೇಟ್ರಿಯಾನ್‌ನಂಥ ವಿದೇಶಿ ತಾಣಗಳು ಹೊರದೇಶದ ಕಾರ್ಡ್ ಇರುವವರಿಗೆ ಒಪ್ಪುತ್ತವೆ. ಆದರೆ ಪೇಟ್ರಿಯಾನ್ ಈಗ ಹೊಸದಾಗಿ ಸೇರುವ ತಂಡಗಳ ಗಳಿಕೆಯಿಂದ ಶೇ. 10ರಷ್ಟು ಕಮಿಷನ್ ಹಿಡಿಯುತ್ತದೆ, ಪಾವತಿ ಶುಲ್ಕ ಮತ್ತು ಡಾಲರ್ ಬದಲಾವಣೆಯ ನಷ್ಟ ಬೇರೆ. ಇಲ್ಲಿನ ಕೇಳುಗರನ್ನು ಅಲ್ಲಿಗೆ ಕಳಿಸುವುದು ವ್ಯರ್ಥ: 2021ರ ಅಕ್ಟೋಬರ್‌ನಲ್ಲಿ ಕಾರ್ಡ್‌ಗಳ ಮರುಕಳಿಸುವ ಪಾವತಿಗೆ ಹೊಸ ನಿಯಮ ಬಂದ ಮೇಲೆ ಭಾರತದ ಕಾರ್ಡ್‌ಗಳಿಂದ ವಿದೇಶಿ ತಾಣಗಳಿಗೆ ಹೋಗುತ್ತಿದ್ದ ಎಷ್ಟೋ ಚಂದಾಗಳು ನಿಂತುಹೋದವು. ಇನ್ನು ಅಮೆರಿಕ, ಬ್ರಿಟನ್, ಸಿಂಗಪುರ, ಕೊಲ್ಲಿಯ ಕೆಲವು ದೇಶಗಳಲ್ಲಿರುವ ಕನ್ನಡಿಗರಲ್ಲಿ, ಅನಿವಾಸಿಗಳಿಗೆಂದೇ ಭಾರತದ ಬ್ಯಾಂಕುಗಳು ಕೊಡುವ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆ ಉಳ್ಳವರು ತಮ್ಮ ಅಲ್ಲಿನ ಮೊಬೈಲ್ ಸಂಖ್ಯೆಯಿಂದಲೇ ಯುಪಿಐ ಬಳಸಲು 2023ರಿಂದ ಅವಕಾಶವಿದೆ. ಅವರ ಬ್ಯಾಂಕ್ ಅದನ್ನು ಕೊಡುತ್ತದೆಯೇ ಎಂದು ವಿಚಾರಿಸಿಕೊಳ್ಳಲು ಹೇಳಿ.

ವಿದೇಶದ ಹಣದಲ್ಲಿ ಒಂದು ಎಚ್ಚರ ಅಗತ್ಯ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳ ಹಣ, ವಿದೇಶಿ ದೇಣಿಗೆಗಳನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಯ ಲೆಕ್ಕದಲ್ಲಿ ವಿದೇಶಿ ಮೂಲದ್ದಲ್ಲ, ಆದರೆ ಬೇರೆ ದೇಶದ ಪೌರತ್ವ ಪಡೆದವರು, ಒಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡ್ ಇದ್ದರೂ, ಆ ಕಾಯ್ದೆಯ ಮಟ್ಟಿಗೆ ವಿದೇಶಿಯರೇ. ಅವರಿಂದ ದೇಣಿಗೆ ಪಡೆಯುವುದು ಬೇರೆ, ವ್ಯವಹಾರದ ರೂಢಿಯಲ್ಲಿ ಸೇವೆಗೆ ಬೆಲೆ ಪಡೆಯುವುದು ಬೇರೆ. ‘ಚಂದಾ’ ಎಂಬ ಪದಕ್ಕೆ ನಾನು ಅಂಟಿಕೊಳ್ಳಲು ಇದೂ ಒಂದು ಕಾರಣ. ಆದರೆ ಹೆಸರು ಬದಲಿಸಿದ ಮಾತ್ರಕ್ಕೆ ಹಣದ ಸ್ವರೂಪ ಬದಲಾಗದು, ಚಂದಾಕ್ಕೆ ಪ್ರತಿಯಾಗಿ ಏನಾದರೂ ನಿಜವಾಗಿ ಸಲ್ಲಬೇಕು. ಬಂದ ಹಣವನ್ನು ಆದಾಯವೆಂದೇ ರಿಟರ್ನ್‌ನಲ್ಲಿ ತೋರಿಸಿ, ಮೊದಲ ಕಂತಿನ ಕೇಳಿಕೆಗೆ ಮುಂಚೆಯೇ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಜೊತೆ ಅರ್ಧ ಗಂಟೆ ಕುಳಿತುಕೊಳ್ಳಿ.

ಯಾವಾಗ, ಯಾರು, ಹೇಗೆ ಹೇಳಬೇಕು

ನಾವು ಮೊದಲ ಸಲ ಕೇಳಿದ್ದು ಅತ್ಯಂತ ಕೆಟ್ಟ ಜಾಗದಲ್ಲಿ. ಬಾವಿಯ ಹತ್ತಿರ ಹೆಜ್ಜೆ ಸಪ್ಪಳ, ಹಗ್ಗ ಜಾರುವ ಸದ್ದು, ಅಜ್ಜಿ ಮೊಮ್ಮಗನನ್ನು ಕೂಗುವ ದನಿ, ಅಷ್ಟಕ್ಕೆ ಕಥೆಯನ್ನು ನಿಲ್ಲಿಸಿ ‘ಸ್ನೇಹಿತರೇ, ನಿಮ್ಮ ಪ್ರೀತಿಯೇ ನಮ್ಮ ಶಕ್ತಿ, ಕೈಲಾದಷ್ಟು ಸಹಾಯ ಮಾಡಿ’ ಎಂದೆವು. ಬಂದದ್ದು ಮೂರು ಪಾವತಿ. ಅದರಲ್ಲೊಂದು, ಐಡಿ ಸರಿಯಿದೆಯೇ ಎಂದು ನೋಡಲು ಯಾರೋ ಹಾಕಿದ ಒಂದು ರೂಪಾಯಿ. ಕೇಳುಗರೊಬ್ಬರು ‘ಹುಡುಗ ಬಾವಿಗೆ ಬಿದ್ದನೋ ಇಲ್ಲವೋ ಹೇಳಿ, ಆಮೇಲೆ ದುಡ್ಡಿನ ಮಾತು’ ಎಂದು ಬರೆದರು. ಅವರು ಹೇಳಿದ್ದು ಸರಿಯಾಗಿತ್ತು.

ಹರಿಕಥೆಯಲ್ಲಿ ಮಂಗಳಾರತಿ ತಟ್ಟೆ ಹೊರಡುವುದು ಕಥೆ ಮುಗಿದ ಮೇಲೆ. ಅದು ಎಲ್ಲರ ಮುಂದೆಯೂ ಹಾಯುತ್ತದೆ, ಕಾಸು ಹಾಕದವರೂ ಆರತಿ ತೆಗೆದುಕೊಳ್ಳುತ್ತಾರೆ, ಯಾರೂ ಅವರ ಮುಖ ನೋಡುವುದಿಲ್ಲ. ಕೇಳಿಕೆಯ ಕ್ರಮವನ್ನು ಅಲ್ಲಿಂದಲೇ ಕಲಿಯಬಹುದು. ಕಥೆ ಪೂರ್ತಿ ಮುಗಿಯಲಿ, ಮುಕ್ತಾಯದ ಸಂಗೀತ ಮುಗಿಯಲಿ, ನಾಲ್ಕೈದು ಸೆಕೆಂಡು ಮೌನವಿರಲಿ. ಆಮೇಲೆ ನಟರಲ್ಲಿ ಒಬ್ಬರು ಪಾತ್ರದಿಂದ ಹೊರಗೆ ಬಂದು ತಮ್ಮ ಸಹಜ ದನಿಯಲ್ಲಿ ಮಾತಾಡಲಿ. ಖಳ ಪಾತ್ರದವರು ಹೇಳಿದರೆ ಇನ್ನೂ ಚೆನ್ನ; ಇಪ್ಪತ್ತು ನಿಮಿಷ ಹೆದರಿಸಿದ ಗಂಟಲು ಸೌಮ್ಯವಾಗಿ ನಮಸ್ಕಾರ ಹೇಳುವುದನ್ನು ಕೇಳಲು ಜನ ಕಾಯುತ್ತಾರೆ. ನಾವು ಈಗ ಬಳಸುವ ಮಾತು ಹೀಗಿದೆ:

“ನಮಸ್ಕಾರ. ಈ ಕಂತಿನಲ್ಲಿ ಶಾನುಭೋಗರ ಪಾತ್ರ ಮಾಡಿದವನು ನಾನು. ಈ ಕಂತಿಗೆ ಹದಿನೇಳು ಸಾವಿರ ರೂಪಾಯಿ ಖರ್ಚಾಗಿದೆ. ಐದು ಕಂತಿನ ಸರಣಿಗೆ ಎಂಬತ್ತೈದು ಸಾವಿರ ಬೇಕು, ಇವತ್ತಿನವರೆಗೆ ಮೂವತ್ತೊಂದು ಸಾವಿರ ಬಂದಿದೆ. ತಿಂಗಳಿಗೆ ನೂರು ರೂಪಾಯಿ ಚಂದಾ ಕೊಡಲು ಮನಸ್ಸಿದ್ದರೆ ವಿವರಣೆಯ ಮೊದಲ ಸಾಲಿನಲ್ಲಿ ಲಿಂಕ್ ಇದೆ. ಕೊಡಲು ಆಗದಿದ್ದರೂ ಐದೂ ಕಂತು ನಿಮ್ಮವೇ. ಮುಂದಿನದು ಬರುವ ತಿಂಗಳು ಐದನೇ ತಾರೀಕು.”

ಅರ್ಧ ನಿಮಿಷಕ್ಕೆ ಇಷ್ಟು ಸಾಕು. ಬೇಕಾದ ಮೊತ್ತ, ಬಂದಿರುವ ಮೊತ್ತ, ಒಬ್ಬರಿಂದ ನಿರೀಕ್ಷಿಸುವ ಮೊತ್ತ ಮೂರೂ ಇದರಲ್ಲಿವೆ. ‘ಕೈಲಾದಷ್ಟು’ ಎಂಬ ಮಾತನ್ನು ಬಿಟ್ಟುಬಿಡಿ. ಅದು ವಿನಯದಂತೆ ಕಂಡರೂ, ಹತ್ತು ಕೊಟ್ಟರೆ ಕಡಿಮೆಯಾಯಿತೇ, ಐನೂರು ಹೆಚ್ಚಾಯಿತೇ ಎಂಬ ಯೋಚನೆಯನ್ನು ಕೇಳುಗರ ತಲೆಗೆ ಕಟ್ಟುತ್ತದೆ.

ಪ್ರತಿಯಾಗಿ ಏನು ಕೊಡಬಹುದು

ಮಗ್, ಟೀ ಶರ್ಟ್‌ಗಳ ತಂಟೆಗೆ ಹೋಗಬೇಡಿ. ಅಚ್ಚು ಹಾಕಿಸಿ, ಪ್ಯಾಕ್ ಮಾಡಿ, ಕೊರಿಯರ್ ಮಾಡುವ ಹೊತ್ತಿಗೆ ಒಂದು ಕಂತಿನ ಹಣವೂ ಒಂದು ತಿಂಗಳ ಸಮಯವೂ ಹೋಗಿರುತ್ತದೆ. ಕಂತನ್ನು ಎರಡು ದಿನ ಮೊದಲು ಕಳಿಸುವುದು, ಸ್ಕ್ರಿಪ್ಟಿನ ಪಿಡಿಎಫ್ ಕೊಡುವುದು, ಕೊನೆಯಲ್ಲಿ ಹೆಸರು ಓದುವುದು ಇವಕ್ಕೆ ಖರ್ಚಿಲ್ಲ. ಹೆಸರು ಓದುವ ಮೊದಲು ಅನುಮತಿ ಪಡೆಯಿರಿ, ಅವರಿಂದಲೇ ಒಂದು ವಾಟ್ಸ್ಆ್ಯಪ್ ಧ್ವನಿ ಸಂದೇಶದಲ್ಲಿ ಉಚ್ಚಾರಣೆ ಕೇಳಿಕೊಳ್ಳಿ.

ಆದರೆ ಧ್ವನಿಕಥೆ ಮಾತ್ರ ಕೊಡಬಲ್ಲ ಉಡುಗೊರೆ ಇನ್ನೊಂದಿದೆ. ನಮ್ಮ ಮೂರನೆಯ ಕಂತಿನಲ್ಲಿ ಸಂತೆಯ ದೃಶ್ಯವಿತ್ತು. ನಾಲ್ವರೇ ನಟರು ದನಿ ಬದಲಿಸಿ ಕೂಗಿದರೆ ಅದು ಸಂತೆಯಂತೆ ಕೇಳಿಸಲಿಲ್ಲ. ಚಂದಾದಾರರಿಗೆ ‘ನೀವು ಬದನೆಕಾಯಿ ಮಾರುತ್ತಿದ್ದೀರಿ, ಹತ್ತು ಸೆಕೆಂಡು ಕೂಗಿ ಕಳಿಸಿ’ ಎಂದು ಬರೆದೆವು. ಫ್ಯಾನ್ ಆರಿಸಿ, ಮಂಚದ ಮೇಲೆ ಹೊದಿಕೆ ಹೊದ್ದುಕೊಂಡು ಕೂಗಿದರೆ ಗೋಡೆಯ ಪ್ರತಿಧ್ವನಿ ಬರುವುದಿಲ್ಲ ಎಂದೂ ಹೇಳಿದ್ದೆವು. ಮಂಡ್ಯದ ಕೂಗು ಬಂತು, ಕಲಬುರಗಿಯದು ಬಂತು, ಕುಂದಾಪುರದ ಹೆಂಗಸೊಬ್ಬರು ಬದನೆ ಬಿಟ್ಟು ಬಂಗುಡೆ ಮೀನು ಮಾರಿದರು. ಹಿಂದೆ ಪ್ರೆಷರ್ ಕುಕ್ಕರ್ ಕೂಗಿದ್ದ ಒಂದನ್ನು ಮಾತ್ರ ಬಳಸಲಾಗಲಿಲ್ಲ, ಏಕೆಂದರೆ ಕಥೆ ನಡೆಯುವುದು 1930ರ ದಶಕದಲ್ಲಿ. ಹೀಗೆ ಪಡೆದ ದನಿಯನ್ನು ಕಂತಿನಲ್ಲಿ ಬಳಸಲು ಒಪ್ಪಿಗೆಯನ್ನು ಒಂದು ಸಾಲಿನಲ್ಲಾದರೂ ಬರಹದಲ್ಲಿ ತೆಗೆದುಕೊಳ್ಳಬೇಕು.

ಲೆಕ್ಕ ಒಪ್ಪಿಸುವುದು

ಪ್ರತಿ ತಿಂಗಳೂ ಬಂದದ್ದೆಷ್ಟು, ಹೋದದ್ದೆಷ್ಟು, ಯಾರಿಗೆ ಇನ್ನೂ ಬಾಕಿ ಕೊಡಬೇಕು ಎಂಬುದನ್ನು ಆರೇಳು ಸಾಲುಗಳಲ್ಲಿ ಬರೆದು ಎಲ್ಲ ಚಂದಾದಾರರಿಗೂ ಕಳಿಸಿ. ಕೊಟ್ಟವರ ಹೆಸರಿನ ಮುಂದೆ ಮೊತ್ತ ಬರೆಯಬೇಡಿ. ನೂರು ಕೊಟ್ಟವರು ಐದು ಸಾವಿರ ಕೊಟ್ಟವರ ಕೆಳಗೆ ತಮ್ಮ ಹೆಸರು ನೋಡಿ ಮುಜುಗರಪಡುತ್ತಾರೆ. ಕಂತು ತಡವಾಗುವುದಾದರೆ ಐದನೇ ತಾರೀಕಿಗೆ ಮೊದಲೇ ತಿಳಿಸಿ, ಆ ತಿಂಗಳ ಕಡಿತವನ್ನು ತಡೆಹಿಡಿಯಿರಿ. ನಮ್ಮ ಅಜ್ಜಿ ಪಾತ್ರದವರಿಗೆ ಗಂಟಲು ಕಟ್ಟಿ ಮೂರು ವಾರ ಧ್ವನಿಮುದ್ರಣ ನಿಂತಾಗ ಹಾಗೆ ಮಾಡಿದೆವು. ಆ ತಿಂಗಳು ಚಂದಾ ಬಿಟ್ಟವರು ಒಬ್ಬರೇ, ಶುಂಠಿ ಕಷಾಯದ ವಿಧಾನ ಬರೆದು ಕಳಿಸಿದವರು ಹನ್ನೊಂದು ಮಂದಿ.

ಚಂದಾ ನಿಲ್ಲಿಸಿದವರನ್ನು ಕಾರಣ ಕೇಳಬೇಡಿ. ‘ಇಷ್ಟು ದಿನ ಜೊತೆಗಿದ್ದಿರಿ, ಧನ್ಯವಾದ, ಮುಂದಿನ ಕಂತು ಎಂದಿನಂತೆ ಐದನೇ ತಾರೀಕು’ ಎಂದು ಒಂದು ಸಾಲು ಬರೆದು, ಅವರನ್ನು ಕಂತು ಕಳಿಸುವ ಪಟ್ಟಿಯಲ್ಲಿ ಹಾಗೆಯೇ ಉಳಿಸಿಕೊಳ್ಳಿ.