ಪ್ಲೇನೋ, ಫ್ರಿಸ್ಕೋದಲ್ಲಿ ಬಾಡಿಗೆ ಮನೆ ಹುಡುಕೋದು ಹೇಗೆ? ಮೊದ್ಲು ದಾರಿ ನೋಡಿ, ಆಮೇಲೆ ಮನೆ

ಬೆಂಗಳೂರಿಂದ ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ಗೆ ಕೆಲಸದ ಮೇಲೆ ಬರೋ ಕನ್ನಡದವರಲ್ಲಿ ತುಂಬಾ ಜನ ಮನೆ ಹುಡುಕೋದು ಸಿಟಿ ಒಳಗಲ್ಲ, ಅದರ ಉತ್ತರಕ್ಕಿರೋ ಪ್ಲೇನೋ, ಫ್ರಿಸ್ಕೋ, ಅಲೆನ್, ಮೆಕಿನ್ನಿ ಕಡೆ. ಒಳ್ಳೆ ಸ್ಕೂಲು, ಟೊಯೋಟಾ ಥರದ ದೊಡ್ಡ ಕಂಪನಿಗಳ ಆಫೀಸು, ದೇವಸ್ಥಾನ, ಇಂಡಿಯನ್ ಅಂಗಡಿ ಎಲ್ಲಾ ಅಲ್ಲೇ ಇದೆ. ಅನುಕೂಲಸ್ಥರ ಊರುಗಳು, ನೋಡೋಕೂ ಚೆನ್ನಾಗಿವೆ. ಆದ್ರೆ ಬಹಳಷ್ಟು ಬಡಾವಣೆಗಳಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಬೇಕಂದ್ರೂ ಕಾರ್ ತೆಗೀಬೇಕು. ಅದಕ್ಕೆ ಮನೆ ಹುಡುಕೋ ಕ್ರಮನೇ ಇಲ್ಲಿ ಬೇರೆ.

1. ಹಗಲು ಹೊತ್ತು ಕಾರಿಲ್ದೆ ಮನೇಲಿ ಇರೋರು ಯಾರು?

ಬಾಡಿಗೆ ಎಷ್ಟು, ಬೆಡ್‌ರೂಮ್ ಎಷ್ಟು ಅಂತ ಕೇಳೋಕೆ ಮುಂಚೆ ಇದನ್ನ ಕೇಳ್ಕೊಳ್ಳಿ. ಆಫೀಸಿಗೆ ಹೋಗೋರು ಇರೋ ಒಂದು ಕಾರ್ ತಗೊಂಡು ಹೊರಟ್ರೆ, ಎಚ್4 ಅನ್ನೋ ಕುಟುಂಬದವರ ವೀಸಾದಲ್ಲಿ ಬಂದಿರೋ ಹೆಂಡ್ತಿನೋ ಗಂಡನೋ, ಕೆಲವು ತಿಂಗಳು ಇದ್ದು ಹೋಗೋಕೆ ಬಂದ ಅಪ್ಪ ಅಮ್ಮನೋ ಇಡೀ ದಿನ ನಾಲ್ಕು ಗೋಡೆ ಮಧ್ಯೆ ಉಳೀತಾರೆ, ಊರಲ್ಲಿ ಬೆಳಗ್ಗೆ ಸಂಜೆ ಅಂಗಡಿ ಬೀದಿ ಸುತ್ತಿ ಬಂದೋರಿಗೆ ಇದು ನಿಜವಾಗ್ಲೂ ಕಷ್ಟ, ಇದನ್ನ ಹಗುರವಾಗಿ ತಗೋಬೇಡಿ. ಮನೆ ಆರಿಸೋವಾಗ ಅವರ ಮಾತಿಗೇ ಜಾಸ್ತಿ ಬೆಲೆ ಕೊಡಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಡಲ್ಲಾಸ್‌ನ ಬಸ್ಸು ರೈಲು ನಡೆಸೋ ಡಾರ್ಟ್ ವ್ಯವಸ್ಥೆಗೆ ಫ್ರಿಸ್ಕೋ ಸೇರೇ ಇಲ್ಲ, ಅಲೆನ್, ಮೆಕಿನ್ನಿನೂ ಅಷ್ಟೇ. ಪ್ಲೇನೋಗೆ ರೆಡ್ ಲೈನ್ ರೈಲು ಬರುತ್ತೆ, ಆದ್ರೆ ಅದು ಬರೋದು ಊರಿನ ಪೂರ್ವಕ್ಕೆ, ದೊಡ್ಡ ಆಫೀಸುಗಳಿರೋ ಲೆಗಸಿ ಏರಿಯಾ ಇರೋದು ಪಶ್ಚಿಮಕ್ಕೆ. ಹಾಗಾಗಿ ಮ್ಯಾಪ್‌ನಲ್ಲಿ ನಡ್ಕೊಂಡು ಹೋಗೋ ದಾರಿ ತೋರಿಸೋ ಬಟನ್ ಒತ್ತಿ, ಹತ್ತಿರದ ಅಂಗಡಿ, ಪಾರ್ಕು, ಲೈಬ್ರರಿಗೆ ಎಷ್ಟು ನಿಮಿಷ ಅಂತ ನೋಡಿ. ಮಧ್ಯೆ ಆರು ಲೇನಿನ ರಸ್ತೆ ದಾಟಬೇಕಾ ಅಂತಾನೂ ನೋಡಿ, ಅರ್ಧ ಕಿಲೋಮೀಟರ್ ಅಂತ ತೋರಿಸಿದ್ರೂ ಆ ರಸ್ತೆ ದಾಟೋಕೆ ವಯಸ್ಸಾದವರಿಗೆ ಧೈರ್ಯ ಬರಲ್ಲ. ಸಾಧ್ಯ ಆದ್ರೆ ಜುಲೈ ಆಗಸ್ಟ್ ಮಧ್ಯಾಹ್ನ ಹೋಗಿ ನಡೆದು ನೋಡಿ, 38 ಡಿಗ್ರಿ ಬಿಸಿಲಲ್ಲಿ ಆ ಫುಟ್‌ಪಾತ್‌ಗೆ ನೆರಳಿದ್ಯಾ ಇಲ್ವಾ ಗೊತ್ತಾಗುತ್ತೆ. ಡೌನ್‌ಟೌನ್ ಪ್ಲೇನೋ, ಲೆಗಸಿ ವೆಸ್ಟ್ ಸುತ್ತ, ಫ್ರಿಸ್ಕೋ ಸ್ಕ್ವೇರ್ ಇಂಥ ಕಡೆ ಮನೆ ಸಣ್ಣದು ಸಿಗಬಹುದು, ಆದ್ರೆ ಕಾಲಿಗೆ ಕೆಲಸ ಇದೆ. ಪ್ಲೇನೋದ ಬ್ಲೂಬಾನೆಟ್ ಟ್ರೇಲ್ ಅನ್ನೋ ನಡೆಯೋ ದಾರಿ ಪಕ್ಕದ ಮನೆ ಸಿಕ್ಕಿದ್ರೆ ಅಪ್ಪ ಅಮ್ಮನ ಸಂಜೆ ವಾಕಿಂಗ್ ಚಿಂತೆ ಮುಗೀತು.

2. ಬಾಡಿಗೆ ಜೊತೆ ಕಾರಿನ ಖರ್ಚೂ ಕೂಡಿಸಿ

ಡಲ್ಲಾಸ್ ನಾರ್ತ್ ಟೋಲ್‌ವೇ, ಜಾರ್ಜ್ ಬುಷ್ ಟರ್ನ್‌ಪೈಕ್, 121 ಅಂತ ಎಲ್ರೂ ಕರೆಯೋ ಸ್ಯಾಮ್ ರೇಬರ್ನ್ ಇವು ಮೂರೂ ದುಡ್ಡು ಕೊಟ್ಟು ಓಡಾಡೋ ರಸ್ತೆ. ಹೈವೇ 75 ಫ್ರೀ, ಆದ್ರೆ ಆಫೀಸ್ ಟೈಮಲ್ಲಿ ನಿಂತು ನಿಂತು ಹೋಗುತ್ತೆ. ಬೆಳಗ್ಗೆ 8ಕ್ಕೆ ಮತ್ತೆ ಸಂಜೆ 5ಕ್ಕೆ ಮನೆಯಿಂದ ಆಫೀಸಿಗೆ ಟೋಲ್ ಸಮೇತ ಎಷ್ಟೊತ್ತು, ಟೋಲ್ ಇಲ್ದೆ ಎಷ್ಟೊತ್ತು ಎರಡೂ ನೋಡಿ. ತಿಂಗಳ ಟೋಲು, ಎರಡನೇ ಕಾರು, ಇನ್ಶೂರೆನ್ಸು ಎಲ್ಲಾ ಬಾಡಿಗೆಗೆ ಸೇರಿಸಿ ಕೂಡಿದ್ರೆ ದೂರದ ಸೋವಿ ಮನೆ ಎಷ್ಟೋ ಸಲ ಸೋವಿ ಅಲ್ಲ. ನಮ್ಮ ಫಾಸ್ಟ್‌ಟ್ಯಾಗ್ ಥರದ ಟೋಲ್‌ಟ್ಯಾಗ್ ಕಾರಿಗೆ ಹಾಕಿಸ್ಕೊಳ್ಳಿ, ಅದಿಲ್ದಿದ್ರೆ ಬಿಲ್ ಮನೆಗೆ ಬರುತ್ತೆ, ರೇಟೂ ಜಾಸ್ತಿ. ಟೆಕ್ಸಾಸ್‌ಗೆ ಬಂದು ನೆಲೆಸಿದ ಮೇಲೆ 90 ದಿನದೊಳಗೆ ಇಲ್ಲಿನ ಡ್ರೈವಿಂಗ್ ಲೈಸೆನ್ಸ್‌ಗೆ ಅರ್ಜಿ ಹಾಕಬೇಕು, ಮನೇಲಿರೋರಿಗೂ ಅವಾಗ್ಲೇ ಮಾಡಿಸಿಬಿಡಿ.

3. ಸ್ಕೂಲು

ಅಡ್ರೆಸ್‌ನಲ್ಲಿ ಪ್ಲೇನೋ ಅಂತಿದ್ರೆ ಸ್ಕೂಲು ಪ್ಲೇನೋ ಐಎಸ್‌ಡಿ (ಸರ್ಕಾರಿ ಸ್ಕೂಲ್ ಡಿಸ್ಟ್ರಿಕ್ಟ್) ನೇ ಆಗ್ಬೇಕಿಲ್ಲ, ಊರಿನ ಕೆಲವು ಭಾಗ ಫ್ರಿಸ್ಕೋ, ಲೂಯಿಸ್‌ವಿಲ್, ಅಲೆನ್ ಐಎಸ್‌ಡಿಗಳಿಗೆ ಸೇರುತ್ತೆ. ಬಾಡಿಗೆ ಜಾಹೀರಾತಲ್ಲಿ ಬರೆದಿದ್ದನ್ನ ನಂಬ್ಕೊಂಡು ಕೂರಬೇಡಿ, ಡಿಸ್ಟ್ರಿಕ್ಟ್ ವೆಬ್‌ಸೈಟಲ್ಲಿ ಅಡ್ರೆಸ್ ಹಾಕಿ ನೋಡಿ ಇಲ್ಲಾ ಫೋನ್ ಮಾಡಿ ಕೇಳಿ, ಮುಂದಿನ ವರ್ಷ ಗಡಿ ಬದಲಾಗುತ್ತಾ ಅಂತಾನೂ ಕೇಳಿ.

4. ಅಪಾರ್ಟ್‌ಮೆಂಟಾ, ಬಿಡಿ ಮನೆನಾ?

ಅಪಾರ್ಟ್‌ಮೆಂಟಲ್ಲಿ ಸಾಮಾನ್ಯವಾಗಿ ಬಾಡಿಗೆಯ ಮೂರು ಪಟ್ಟು ಸಂಬಳ ಇದ್ಯಾ ಅಂತ ನೋಡ್ತಾರೆ. ಹೊಸದಾಗಿ ಬಂದೋರಿಗೆ ಕ್ರೆಡಿಟ್ ಹಿಸ್ಟರಿ ಇರಲ್ಲ, ಆಫರ್ ಲೆಟರು, ಪಾಸ್‌ಪೋರ್ಟು, ಐ-94 (ಅಮೆರಿಕದೊಳಗೆ ಬಂದಿದ್ದಕ್ಕೆ ಇರೋ ದಾಖಲೆ) ರೆಡಿ ಇಟ್ಕೊಳ್ಳಿ, ಡೆಪಾಸಿಟ್ ಜಾಸ್ತಿ ಕೇಳಬಹುದು, ಟೆಕ್ಸಾಸ್‌ನಲ್ಲಿ ಡೆಪಾಸಿಟ್‌ಗೆ ಕಾನೂನಿನ ಮಿತಿ ಇಲ್ಲ. ಕಸಕ್ಕೆ ಇಷ್ಟು, ಜಿರಳೆ ಔಷಧಿಗೆ ಇಷ್ಟು, ಪಾರ್ಕಿಂಗ್‌ಗೆ ಇಷ್ಟು ಅಂತ ಬಾಡಿಗೆ ಮೇಲೆ ಸೇರ್ತಾ ಹೋಗುತ್ತೆ, ತಿಂಗಳಿಗೆ ಒಟ್ಟು ಎಷ್ಟು ಅಂತ ಇಮೇಲ್‌ನಲ್ಲಿ ಬರೆಸ್ಕೊಳ್ಳಿ. ಒಂದು ತಿಂಗಳು ಫ್ರೀ ಅಂದ್ರೆ ಮುಂದಿನ ವರ್ಷ ಬಾಡಿಗೆ ಏರಿಸೋದು ಯಾವ ಮೊತ್ತದ ಮೇಲೆ ಅಂತ ಕೇಳಿ.

ಬಿಡಿ ಮನೆ ಆದ್ರೆ ಹುಲ್ಲು ಕತ್ತರಿಸೋದು, ಏಸಿ ಫಿಲ್ಟರ್ ಬದಲಾಯಿಸೋದು, ನೀರಿನ ಬಿಲ್ಲು ಹೆಚ್ಚಾಗಿ ನಿಮ್ಮ ಮೇಲೇ. ಇನ್ನೊಂದು ಇದೆ, ಹೊಸಬರಿಗೆ ತಲೆಗೇ ಹೊಳೆಯಲ್ಲ. ಇಲ್ಲಿನ ಮಣ್ಣು ನಮ್ಮ ಧಾರವಾಡ, ಗದಗ ಕಡೆ ಎರೆ ಮಣ್ಣಿನ ಹಾಗೆ, ಬೇಸಿಗೇಲಿ ಒಣಗಿ ಬಿರುಕು ಬಿಡುತ್ತೆ, ಮಳೆ ಬಂದ್ರೆ ಉಬ್ಬುತ್ತೆ, ಅದರಿಂದ ಮನೆ ತಳಪಾಯ ಅಲುಗಾಡುತ್ತೆ. ಅದಕ್ಕೆ ಗೋಡೆ ಸುತ್ತ ನೆಲಕ್ಕೆ ನೀರು ಹಾಯಿಸ್ತಿರಬೇಕು ಅಂತ ಕೆಲವು ಲೀಸಲ್ಲಿ ಬಾಡಿಗೆಯವರಿಗೇ ಬರೆದಿರ್ತಾರೆ. ಗೋಡೆಯ ಬಿರುಕು, ಮುಚ್ಚೋಕೆ ಬರದ ಬಾಗಿಲು ಕಂಡ್ರೆ ಸೇರೋ ದಿನವೇ ಫೋಟೋ ತೆಗೆದು ಕಳಿಸಿ. ವಸಂತ ಕಾಲದಲ್ಲಿ ಆಲಿಕಲ್ಲು ಮಳೆ ಜೋರು, ಕಾರಿಗೆ ಮುಚ್ಚಿದ ಜಾಗ ಇರೋ ಮನೆಗೆ ಸ್ವಲ್ಪ ಜಾಸ್ತಿ ಕೊಟ್ರೂ ಪರವಾಗಿಲ್ಲ.

5. ಕರೆಂಟು

ಪ್ಲೇನೋದ ಹೆಚ್ಚಿನ ಕಡೆ ಕರೆಂಟ್ ಕಂಪನಿ ನೀವೇ ಆರಿಸ್ಕೋಬೇಕು, ಫ್ರಿಸ್ಕೋದ ಒಂದಷ್ಟು ಭಾಗದಲ್ಲಿ ಕೋಸರ್ವ್ ಅನ್ನೋ ಸಹಕಾರಿ ಸಂಸ್ಥೆನೇ, ಆಯ್ಕೆ ಇಲ್ಲ. ಆರಿಸೋದಾದ್ರೆ ರಾಜ್ಯ ಸರ್ಕಾರದ ಪವರ್ ಟು ಚೂಸ್ ವೆಬ್‌ಸೈಟ್‌ಗೆ ಹೋಗಿ, ಪ್ರತಿ ಪ್ಲಾನಿಗೂ 500, 1000, 2000 ಯೂನಿಟ್‌ಗೆ ರೇಟ್ ಎಷ್ಟು ಅಂತ ಹೇಳೋ ಪಟ್ಟಿ ಇರುತ್ತೆ, ಮೂರೂ ಓದಿ. ಕೆಲವು ಪ್ಲಾನಲ್ಲಿ ಸರಿಯಾಗಿ 1000 ಯೂನಿಟ್ ದಾಟಿದ್ರೆ ಮಾತ್ರ ಡಿಸ್ಕೌಂಟು, 990 ಆದ್ರೆ ಬಿಲ್ ಹಾರುತ್ತೆ. ಫಿಕ್ಸೆಡ್ ರೇಟಿನ ಪ್ಲಾನು, ಅವಧಿ ಲೀಸಿನಷ್ಟೇ, ಸಾಕು.

6. ಸಹಿ ಹಾಕೋ ಮುಂಚೆ ಕೆಲಸ ಹೋದ್ರೆ ಏನು ಅಂತ ಯೋಚಿಸಿ

ಎಚ್1ಬಿ ಕೆಲಸದ ವೀಸಾ ಮೇಲಿರೋರು ಇದನ್ನ ಎರಡು ಸಲ ಓದಿ. ಕೆಲಸ ಹೋದ್ರೆ ಹೊಸ ಕೆಲಸ ಹುಡುಕೋಕೆ ಇಲ್ಲಾ ದೇಶ ಬಿಡೋಕೆ ಇರೋದು ಹೆಚ್ಚಂದ್ರೆ 60 ದಿನ. ಇನ್ನೊಂದು ಕಡೆ ಇಲ್ಲಿನ ಬಹಳಷ್ಟು ಅಪಾರ್ಟ್‌ಮೆಂಟ್ ಲೀಸಲ್ಲಿ ಮನೆ ಬಿಡೋಕೂ 60 ದಿನ ಮುಂಚೆ ಬರವಣಿಗೇಲಿ ತಿಳಿಸಬೇಕು, ಅದೂ ಲೀಸು ಮುಗಿಯೋ ಸಮಯಕ್ಕೆ ಸರಿಯಾಗಿ. ಮಧ್ಯದಲ್ಲೇ ಬಿಟ್ರೆ ರೀಲೆಟಿಂಗ್ ಚಾರ್ಜ್, ಅಂದ್ರೆ ಮನೇನ ಇನ್ನೊಬ್ಬರಿಗೆ ಕೊಡೋಕೆ ಆಗೋ ಖರ್ಚು ಅಂತ ಹಾಕ್ತಾರೆ, ಅದನ್ನ ಕಟ್ಟಿದ ಮಾತ್ರಕ್ಕೆ ಉಳಿದ ತಿಂಗಳ ಬಾಡಿಗೆಯಿಂದ ಬಿಡುಗಡೆ ಸಿಕ್ತು ಅಂತಲ್ಲ, ಇದನ್ನ ತುಂಬಾ ಜನ ತಪ್ಪು ತಿಳ್ಕೊಂಡಿರ್ತಾರೆ. ಅದಕ್ಕೆ ಸಹಿಗೆ ಮುಂಚೆನೇ ಇಂತಿಷ್ಟು ದುಡ್ಡು ಕೊಟ್ರೆ ಲೀಸು ಪೂರ್ತಿ ಮುಗೀತು ಅನ್ನೋ ಷರತ್ತು ಸೇರಿಸ್ತೀರಾ ಅಂತ ಕೇಳಿ, ಕೆಲವರು ಸೇರಿಸ್ತಾರೆ. ಟೆಕ್ಸಾಸ್ ಕಾನೂನಿನ ಪ್ರಕಾರ ನೀವು ಮಧ್ಯದಲ್ಲಿ ಬಿಟ್ಟು ಹೋದ್ರೂ ಮಾಲೀಕರು ಇನ್ನೊಬ್ಬರಿಗೆ ಬಾಡಿಗೆಗೆ ಕೊಡೋ ಪ್ರಯತ್ನ ಮಾಡಬೇಕು, ಸುಮ್ನೆ ಖಾಲಿ ಇಟ್ಕೊಂಡು ಪೂರ್ತಿ ಬಾಡಿಗೆ ನಿಮ್ಮಿಂದ ವಸೂಲಿ ಮಾಡೋ ಹಾಗಿಲ್ಲ, ಲೀಸಲ್ಲಿ ಬೇರೆ ಥರ ಬರೆದಿದ್ರೂ ಅದು ನಡೆಯಲ್ಲ. ದುಡ್ಡು ಜಾಸ್ತಿ ಆಗದಿದ್ರೆ ಮೊದಲ ಸಲಕ್ಕೆ ಆರೇಳು ತಿಂಗಳ ಲೀಸು ಒಳ್ಳೇದು, ಅಷ್ಟರಲ್ಲಿ ಊರು, ಟ್ರಾಫಿಕ್ಕು, ಸ್ಕೂಲು ಎಲ್ಲಾ ಅರ್ಥ ಆಗುತ್ತೆ.

7. ಸೇರೋವಾಗ, ಬಿಡೋವಾಗ

ಮನೆ ಯಾವ ಸ್ಥಿತೀಲಿದೆ ಅಂತ ಬರೆಯೋಕೆ ಸೇರಿದ ತಕ್ಷಣ ಕೊಡೋ ಇನ್ವೆಂಟರಿ ಫಾರ್ಮ್‌ನಲ್ಲಿ ಒಂದು ಮೊಳೆ ತೂತನ್ನೂ ಬಿಡದೆ ಬರೀರಿ, ಗಡುವಿನ ಒಳಗೆ ವಾಪಸ್ ಕೊಡಿ, ವಿಡಿಯೋನೂ ಇರ್ಲಿ. ಬಿಡೋವಾಗ ನಿಮ್ಮ ಹೊಸ ಅಡ್ರೆಸ್ ಬರವಣಿಗೇಲಿ ಕೊಡಿ, ಅದನ್ನ ಕೊಡೋವರೆಗೂ ಡೆಪಾಸಿಟ್ ವಾಪಸ್ ಕಳಿಸೋ ಹೊಣೆ ಮಾಲೀಕರಿಗೆ ಇಲ್ಲ. ಮನೆ ಖಾಲಿ ಮಾಡಿ ಅಡ್ರೆಸ್ಸೂ ಕೊಟ್ರೆ 30 ದಿನದ ಒಳಗೆ ಡೆಪಾಸಿಟ್ ಬರಬೇಕು, ಹಿಡ್ಕೊಂಡಿದ್ದಕ್ಕೆ ಯಾಕೆ ಏನು ಅಂತ ಪಟ್ಟಿನೂ ಬರಬೇಕು. ಇಂಡಿಯಾಗೆ ವಾಪಸ್ ಹೋಗ್ತಿದ್ರೆ ಅಲ್ಲೇ ಡಲ್ಲಾಸ್‌ನಲ್ಲಿರೋ ಸ್ನೇಹಿತರ ಅಡ್ರೆಸ್ ಕೊಡಿ, ಚೆಕ್ಕು ಅಲ್ಲಿಗೇ ಹೋಗ್ಲಿ.